ಬಟ್ಟೆಯ ಮೇಲೆ ಉಳಿದ ಕ್ಯಾಪಿಟಲ್

ಆರು ಬ್ರಿಟಿಷ್ ವಸಾಹತುಗಳು 1901ರಲ್ಲಿ ಒಂದಾಗಿ ಆಸ್ಟ್ರೇಲಿಯಾ ಒಕ್ಕೂಟವಾದವು. ಅದರ ಹೊಸ ರಾಜಧಾನಿ ಕ್ಯಾನ್‌ಬೆರಾದ ವಿನ್ಯಾಸ ಸ್ಪರ್ಧೆಯನ್ನು 1912ರಲ್ಲಿ ಗೆದ್ದವರು ಷಿಕಾಗೋದ ವಾಲ್ಟರ್ ಬರ್ಲಿ ಗ್ರಿಫಿನ್. ಆ ಕಲ್ಪನೆಗೆ ಜೀವ ತುಂಬಿದ್ದು ಪತ್ನಿ ಮರಿಯನ್ ಮಹೋನಿಯ ಕುಂಚ.

ಅಲ್ಲಿನ ಏನ್ಸ್‌ಲಿ ಬೆಟ್ಟದ ಮೇಲಿನಿಂದ ಕಾಣುವ ನೋಟದ ಆಕೆಯ ಚಿತ್ರವನ್ನೇ ನೋಡಿ: ಬಟ್ಟೆಯ ಮೇಲೆ ಜಲವರ್ಣ, ಹೊಂಬಣ್ಣದ ಗುಡ್ಡಸಾಲು, ನಡುವೆ ನೀರು, ನೇರ ಗೆರೆಯ ಆಚೆ ತುದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಕ್ಯಾಪಿಟಲ್. ಅದು ಸಂಸತ್ತಲ್ಲ, ಜನ ಸೇರುವ ಭವನ. ಸಂಸತ್ತಿಗೆ ಕೆಳಗಿನ ದಿಬ್ಬ ಸಾಕೆಂದಿದ್ದರು ಗ್ರಿಫಿನ್. ಕ್ಯಾಪಿಟಲ್ ಏಳಲೇ ಇಲ್ಲ. 1988ರಲ್ಲಿ ಅದಕ್ಕೆಂದಿದ್ದ ಗುಡ್ಡಕ್ಕೆ ಸಂಸತ್ ಭವನವೇ ಬಂತು.

ಚಿತ್ರದಲ್ಲಿ ನುನ್ನವಾಲ್ ಮೂಲನಿವಾಸಿಗಳ ಸುಳಿವಿಲ್ಲ. ಕುಸುರಿಯನ್ನು ಮನಸಾರೆ ಮೆಚ್ಚೋಣ. ನೆಲವನ್ನು ಖಾಲಿಯೆಂದು ಕಂಡ ವಸಾಹತುಶಾಹಿ ಕಣ್ಣನ್ನೂ ಗುರುತಿಸೋಣ.