ಮನ್ನಳ್ಳಿಯ ಅಂಗಡಿಗೆ ಯಾವ ಓಎಸ್?

ಮನ್ನಳ್ಳಿ ಬೀದರ್ ತಾಲ್ಲೂಕಿನ ಒಂದು ಹೋಬಳಿ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಬೆಳೆವಿಮೆ ಎಂದು ಸುತ್ತಲಿನ ಹಳ್ಳಿಯವರು ಬಂದು ಹೋಗುವ ಇಂಥ ಊರುಗಳಲ್ಲಿ ಜೆರಾಕ್ಸ್-ಆನ್‌ಲೈನ್ ಅಂಗಡಿಯೇ ಅರ್ಧ ಕಚೇರಿ. ಆ ಅಂಗಡಿ ತೆರೆಯುವ ಹುಡುಗ ಬೀದರಿನಲ್ಲಿ ಕಂಪ್ಯೂಟರ್ ಅಸೆಂಬಲ್ ಮಾಡಿಸುತ್ತಾನೆ. ಇನ್ನೂ ಹುಷಾರಿನವನಾದರೆ ರೈಲು ಹತ್ತಿ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಿಂದ ಮದರ್‌ಬೋರ್ಡು, ಪ್ರೊಸೆಸರು, ಎಸ್‌ಎಸ್‌ಡಿ ತರುತ್ತಾನೆ. ಒಂದೊಂದು ಬಿಡಿಭಾಗಕ್ಕೂ ಚೌಕಾಸಿ ಮಾಡುವವನು ಓಎಸ್ (ಆಪರೇಟಿಂಗ್ ಸಿಸ್ಟಮ್) ಮಾತು ಬಂದಾಗ ಮಾತ್ರ ತುಟಿ ಬಿಚ್ಚುವುದಿಲ್ಲ. ‘ವಿಂಡೋಸ್ ಹಾಕಿ ಕೊಡ್ತೀವ್ರಿ, ಚಿಂತಿ ಮಾಡಬ್ಯಾಡ್ರಿ’ ಎಂದರೆ ಅಲ್ಲಿಗೆ ಮುಗಿಯಿತು.

ನನ್ನ ತಕರಾರು ಈ ಹಾಕಿ ಕೊಡುವ ಪದ್ಧತಿಯ ಮೇಲೆಯೇ. ಎಷ್ಟೋ ಕಡೆ ಹಾಕುವುದು ಕ್ರ್ಯಾಕ್ ಮಾಡಿದ ಪ್ರತಿ. ಅದರ ಆಕ್ಟಿವೇಟರ್ ಓಡಬೇಕಾದರೆ ಸಾಮಾನ್ಯವಾಗಿ ಮೊದಲು ವಿಂಡೋಸಿನ ವೈರಸ್ ಕಾವಲು ಡಿಫೆಂಡರನ್ನು ಆಫ್ ಮಾಡಬೇಕು. ಊರವರ ಆಧಾರ್, ಪಾಸ್‌ಬುಕ್ ಸ್ಕ್ಯಾನ್ ಆಗುವ ಯಂತ್ರದ ಕಾವಲುಗಾರನಿಗೆ ಮೊದಲ ದಿನವೇ ರಜೆ ಕೊಟ್ಟಂತೆ. ಕಳ್ಳ ಪ್ರತಿಯ ನೈತಿಕತೆ ಹಾಗಿರಲಿ, ಯಂತ್ರದ ಬಗ್ಗೆ ಮಾಲೀಕ ನಿರ್ಧರಿಸಬೇಕಾದದ್ದನ್ನೆಲ್ಲ ಅವನ ಬೆನ್ನ ಹಿಂದೆ ಇನ್ನೊಬ್ಬ ಕ್ಲಿಕ್ಕಿಸಿ ಮುಗಿಸಿರುತ್ತಾನೆ.

ಹಾಗಾದರೆ ಅಸಲಿ ವಿಂಡೋಸ್ 11 ಕೊಂಡು ತಾನೇ ಹಾಕಿಕೊಂಡರೆ? ಕೆಲಸವೇನೋ ಸಲೀಸು. ಅದು ಬೇಡುವ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಹೊಸ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಹೊಸ ಎಸ್‌ಎಸ್‌ಡಿಯಲ್ಲಿ ಅಳಿಸಿಹೋಗುವಂಥದ್ದು ಏನೂ ಇಲ್ಲ. ಆದರೆ ಒಂದು ಹಂತದಲ್ಲಿ ವಿಂಡೋಸ್ ಇಂಟರ್ನೆಟ್‌ಗೆ ಜೋಡಿಸು ಎಂದು ಹಟ ಹಿಡಿಯುತ್ತದೆ. ಹೊಸ ಬೋರ್ಡಿನ ವೈಫೈಗೆ ಎಷ್ಟೋ ಸಲ ಡ್ರೈವರ್ ಇನ್ನೂ ಬಂದಿರುವುದಿಲ್ಲ. ಡ್ರೈವರ್ ತರಲು ಇಂಟರ್ನೆಟ್ ಬೇಕು. ಮೊಬೈಲನ್ನು ಯುಎಸ್‌ಬಿ ಟೆದರಿಂಗ್‌ಗೆ ಹಾಕಿ ದಾಟಬೇಕು. ದಾಟಿದ ಮೇಲೆ ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ. ಇಷ್ಟೆಲ್ಲ ಮಾತುಕತೆ ನಡೆಯುವುದು ಇಂಗ್ಲಿಷಿನಲ್ಲಿ, ಯಾಕೆಂದರೆ ಇನ್‌ಸ್ಟಾಲ್ ಪ್ರತಿ ಕನ್ನಡದಲ್ಲಿ ಸಿಗುವುದಿಲ್ಲ. ಎಲ್ಲ ಮುಗಿದ ಮೇಲೆ ಸೆಟ್ಟಿಂಗ್ಸಿಗೆ ಹೋಗಿ ಕನ್ನಡವನ್ನು ಇಳಿಸಿಕೊಳ್ಳಬಹುದು. 2019ರಿಂದ ಕನ್ನಡ ಫೊನೆಟಿಕ್ ಕೀಬೋರ್ಡ್ ಕೂಡ ಇದೆ, ಚೆನ್ನಾಗಿಯೇ ಇದೆ. ಆದರೂ ಕನ್ನಡ ಅಲ್ಲಿ ಕೊನೆಗೆ ಬಳಿಯುವ ಬಣ್ಣ. ನಿರ್ಧಾರಗಳೆಲ್ಲ ಅಷ್ಟರಲ್ಲಿ ಆಗಿಹೋಗಿರುತ್ತವೆ.

ಇದರ ಪಕ್ಕದಲ್ಲಿ ಉಚಿತ ಓಎಸ್ ಆದ ಡೆಬಿಯನ್ ಲಿನಕ್ಸಿನ ಇನ್‌ಸ್ಟಾಲರ್ ಇಟ್ಟು ನೋಡಬೇಕು. 2011ರ ಫೆಬ್ರುವರಿಯಲ್ಲಿ ಬಂದ ಡೆಬಿಯನ್ 6.0 ಆವೃತ್ತಿಯಲ್ಲಿ ತೆಲುಗು, ಸಿಂಹಳಗಳ ಜೊತೆ ಕನ್ನಡವೂ ಅದರೊಳಗೆ ಸೇರಿತು. ಇದೇ ಜಿಲ್ಲೆಯ ಔರಾದ್, ಭಾಲ್ಕಿ ಕಡೆಯವರಿಗೆ ಬೇಕಾದ ಮರಾಠಿ ಅದಕ್ಕೂ ಮುಂಚೆಯೇ ಬಂದಿತ್ತು. ಗ್ರಾಫಿಕಲ್ ಇನ್‌ಸ್ಟಾಲ್ ಆರಿಸಿದರೆ ಮೊದಲ ಪ್ರಶ್ನೆಯೇ ಭಾಷೆ; ಕನ್ನಡ ಒತ್ತಿದರೆ ಮುಂದಿನ ಪರದೆ ಕನ್ನಡದಲ್ಲಿ ಮಾತಾಡುತ್ತದೆ. ಟೆಕ್ಸ್ಟ್ ಇನ್‌ಸ್ಟಾಲರಿನಲ್ಲಿ ಕನ್ನಡ ಇಲ್ಲ. ಒಂದು ಮನೆಗೆ ಒಂದು ಅಕ್ಷರ ಎಂದು ಕೂರಿಸುವ ಆ ಪರದೆಗೆ ಒತ್ತಕ್ಷರ ಜೋಡಿಸುವ ತಾಕತ್ತಿಲ್ಲ.

ಕೀಬೋರ್ಡಿನ ಹಂತ ನೋಡಿ. ಕನ್ನಡ ಆರಿಸಿದರೆ, ಲ್ಯಾಟಿನ್ ಅಕ್ಷರಕ್ಕೆ ಹೊರಳಲು ಯಾವ ಕೀ ಬೇಕು ಎಂದು ಅದು ಕೇಳುತ್ತದೆ. ಆಲ್ಟ್-ಶಿಫ್ಟ್ ಸಾಕು. ಆದರೆ ಮುಂದೆ ಬಳಕೆದಾರನ ಹೆಸರು ಇಂಗ್ಲಿಷಿನ ಸಣ್ಣ ಅಕ್ಷರದಲ್ಲೇ ಇರಬೇಕು. ಕೀ ಹೊರಳಿಸಲು ಮರೆತವನು ಅಲ್ಲೇ ತಿಣುಕುತ್ತಾನೆ, ಪಾಸ್‌ವರ್ಡು ಚುಕ್ಕಿಯಾಗಿ ಕಾಣುವುದರಿಂದ ತಪ್ಪು ಎಲ್ಲಿದೆ ಎಂಬುದೂ ತಿಳಿಯುವುದಿಲ್ಲ. ಇದು ಸಣ್ಣ ಕೊರತೆಯಲ್ಲ. ಕನ್ನಡ ನಂಬಿ ಬಂದವನನ್ನೇ ಅದು ಎಡವಿಸುತ್ತದೆ. ಅನುವಾದವೂ ಅಲ್ಲಲ್ಲಿ ಬಿಗಿ. ಹಳ್ಳಿಯ ಹುಡುಗನ ಬಾಯಲ್ಲಿ ‘ಪಾರ್ಟಿಶನ್’ ಹೇಗೋ ಹೊರಳುತ್ತದೆ, ಅದಕ್ಕೆ ಕಟ್ಟಿದ ಸಂಸ್ಕೃತ ಪದ ಹೊರಳುವುದಿಲ್ಲ. ವೈಫೈ ಗೋಳು ಇಲ್ಲಿಯೂ ಇತ್ತು. 2023ರ ಡೆಬಿಯನ್ 12ರಿಂದ ವೈಫೈಗೆ ಬೇಕಾದ ಫರ್ಮ್‌ವೇರನ್ನು ಜೊತೆಗೇ ಕೊಡುತ್ತಿರುವುದರಿಂದ ಬಹಳ ತಗ್ಗಿದೆ. ನುಡಿ ತಂತ್ರಾಂಶದಲ್ಲಿ ಟೈಪಿಂಗ್ ಕಲಿತವರಿಗೆ ಅದರ ಕಗಪ ಕೀಬೋರ್ಡ್ ವಿನ್ಯಾಸವೂ ಸಿಗುತ್ತದೆ.

ಇಷ್ಟು ಹೊಗಳಿದ ಮೇಲೂ ಮನ್ನಳ್ಳಿಯ ಆ ಅಂಗಡಿಗೆ ಡೆಬಿಯನ್ ಹಾಕು ಎನ್ನಲು ನನಗೆ ಧೈರ್ಯವಿಲ್ಲ. ಆಧಾರ್ ಬೆರಳಚ್ಚು ಸಾಧನಗಳ ಸಾಫ್ಟ್‌ವೇರ್ ಬಹುಪಾಲು ವಿಂಡೋಸ್, ಆಂಡ್ರಾಯ್ಡ್‌ಗಳನ್ನೇ ನಂಬಿಕೊಂಡಿದೆ. ಇಂಥ ಅಂಗಡಿಗಳ ಮೇಜಿನ ಮೇಲೆ ಮೇಲಿಂದ ಮೇಲೆ ಕಾಣುವ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಲಿನಕ್ಸಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಯೂನಿಕೋಡ್ ಅಲ್ಲದ ಹಳೆಯ ನುಡಿ ಕಡತಗಳು ನುಡಿ ಫಾಂಟ್ ಇಲ್ಲದೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಗಿರಾಕಿ ಬಾಗಿಲಲ್ಲಿ ನಿಂತಿರುವಾಗ ಇದನ್ನೆಲ್ಲ ಸರಿಮಾಡುತ್ತ ಕೂರಲಾಗುವುದಿಲ್ಲ. ಅಲ್ಲಿಗೆ ಅಸಲಿ ವಿಂಡೋಸೇ ಸರಿ, ಅದರ ಬೆಲೆಯನ್ನು ರ್‍ಯಾಮು, ಎಸ್‌ಎಸ್‌ಡಿಗಳ ಲೆಕ್ಕದ ಜೊತೆಗೇ ಬರೆದಿಟ್ಟುಕೊಳ್ಳಬೇಕು. ಮನೆಯಲ್ಲಿ ಓದುವ ಮಕ್ಕಳಿಗೆ, ಶಾಲೆಗೆ, ಗ್ರಂಥಾಲಯಕ್ಕೆ ಜೋಡಿಸಿದ ಕಂಪ್ಯೂಟರಿಗೆ ಮಾತ್ರ ಡೆಬಿಯನ್ನೇ ಹಾಕಲಿ, ಅದನ್ನೂ ಆ ಮಕ್ಕಳ ಕೈಯಲ್ಲೇ ಹಾಕಿಸಲಿ. ತಪ್ಪಿದರೆ ಪೆನ್‌ಡ್ರೈವ್ ಸಿಕ್ಕಿಸಿ ಮತ್ತೆ ಮೊದಲಿನಿಂದ ಶುರು ಮಾಡಬಹುದು. ಖಾಲಿ ಡಿಸ್ಕಿನಲ್ಲಿ ಕಳೆದುಕೊಳ್ಳಲು ಏನಿದೆ?