ಕೈಗೆಷ್ಟು ಬರುತ್ತೆ?

ಹೋದ ತಿಂಗಳು ಅರಸೀಕೆರೆಯಿಂದ ಚಿಕ್ಕಪ್ಪ ಫೋನ್ ಮಾಡಿದ್ದರು. ಮಗನಿಗೆ ಹೊಸ ಕಂಪನಿಯಲ್ಲಿ ಆಫರ್ ಬಂದಿದೆ, ಹನ್ನೆರಡು ಲಕ್ಷವಂತೆ, ಅಂದ್ರೆ ತಿಂಗಳಿಗೆ ಒಂದು ಲಕ್ಷ ಆಯ್ತಲ್ವೇನಮ್ಮಾ ಅಂತ ಕೇಳಿದರು. ಮಗಳ ಮದುವೆಗೆ ಸಾಲ ತೆಗೆಯೋದಿತ್ತು. ತಿಂಗಳ ಕಂತು ಮೂವತ್ತೈದು ಸಾವಿರಕ್ಕೆ ಹೋದರೂ ಹುಡುಗ ತಡ್ಕೋತಾನೆ ಅನ್ನೋದು ಅವರ ಲೆಕ್ಕ. "ಅಲ್ಲ ಚಿಕ್ಕಪ್ಪ, ಅದು ಸಿಟಿಸಿ" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದೇನಾದ್ರೂ ಇರ್ಲಿ. ಕೈಗೆಷ್ಟು ಬರುತ್ತೆ ಹೇಳು" ಅಂದರು.

ಇಷ್ಟು ಸರಿಯಾದ ಪ್ರಶ್ನೆಯನ್ನು ನಾನು ಯಾವ ಇಂಟರ್ವ್ಯೂನಲ್ಲೂ ಕೇಳಿಸಿಕೊಂಡಿಲ್ಲ. ಸಿಟಿಸಿ ಅಂದರೆ ಕಾಸ್ಟ್ ಟು ಕಂಪನಿ, ಕಂಪನಿಗೆ ನಾವು ತಗಲಿಸುವ ಖರ್ಚು. ಅದು ಅವರ ಖಾತೆ ಪುಸ್ತಕದ ಪದ, ಅಲ್ಲೇ ಇದ್ದಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಆದರೆ ಈಗ ನಾವೇ ಒಬ್ಬರನ್ನೊಬ್ಬರು "ನಿಂದು ಎಷ್ಟು ಸಿಟಿಸಿ?" ಅಂತ ಕೇಳ್ತೀವಿ. ಮ್ಯಾಟ್ರಿಮೋನಿ ಪ್ರೊಫೈಲಿನಲ್ಲೂ ಅದನ್ನೇ ಹಾಕ್ತೀವಿ. ನಾನು ಇನ್ನೊಬ್ಬರಿಗೆ ಎಷ್ಟು ಹೊರೆ ಅನ್ನುವ ಅಂಕಿಯನ್ನು ನನ್ನ ಗಳಿಕೆ ಅಂತ ಹೇಳಿಕೊಳ್ಳೋದು ಸ್ವಲ್ಪ ವಿಚಿತ್ರವೇ.

ತಮ್ಮನ ಆಫರ್ ಲೆಟರ್ ತರಿಸಿಕೊಂಡು ಲೆಕ್ಕ ಹಾಕಿದೆ. ಹನ್ನೆರಡು ಲಕ್ಷದಲ್ಲಿ ಬೇಸಿಕ್ ಶೇ. 40, ಅಂದರೆ 4,80,000. ಕಂಪನಿ ಕಟ್ಟುವ ಪಿಎಫ್ ಅದರ ಶೇ. 12, ಅಂದರೆ 57,600. ಅದು ಎಂದಾದರೂ ನಮಗೇ ಬರುವ ದುಡ್ಡು, ಇರಲಿ. ವೇರಿಯಬಲ್ ಪೇ 1,20,000. ಇದು ಕಂಪನಿಯ ವರ್ಷ ಚೆನ್ನಾಗಿದ್ದರೆ, ಮ್ಯಾನೇಜರ್ ಮನಸ್ಸೂ ಚೆನ್ನಾಗಿದ್ದರೆ ಸಿಗುವಂಥದ್ದು. ಆಮೇಲೆ ಗ್ರಾಚ್ಯುಟಿ 23,088. ನನಗೆ ಸಿಟ್ಟು ಬರೋದು ಈ ಸಾಲು ನೋಡಿದಾಗ. ಗ್ರಾಚ್ಯುಟಿಯ ಲೆಕ್ಕ ಸರಳ: ಪೂರೈಸಿದ ಒಂದೊಂದು ವರ್ಷಕ್ಕೂ ಹದಿನೈದು ದಿನದ ವೇತನ, ತಿಂಗಳಿಗೆ 26 ದಿನ ಅಂತ ಎಣಿಸಿ. ಆ ಹದಿನೈದನ್ನು 26ರಿಂದ, ಮತ್ತೆ 12ರಿಂದ ಭಾಗಿಸಿದರೆ ಶೇ. 4.81 ಬರುತ್ತೆ. ಲೆಟರ್‌ನಲ್ಲಿರುವ ಅಂಕಿ ಅಲ್ಲಿಂದಲೇ ಬಂದದ್ದು. ಆದರೆ ಆ ದುಡ್ಡು ಕೈಗೆ ಬರಬೇಕಾದರೆ ಕಾಯಂ ನೌಕರ ಸಾಮಾನ್ಯವಾಗಿ ಐದು ವರ್ಷ ಸತತ ಕೆಲಸ ಮಾಡಿರಬೇಕು. ಮೂರನೇ ವರ್ಷಕ್ಕೆ ಕಂಪನಿ ಬದಲಾಯಿಸುವ ನಮ್ಮಂಥವರ ಪಾಲಿಗೆ ಅದು ಗೋಡೆ ಮೇಲಿನ ಲಡ್ಡು ಚಿತ್ರ ಇದ್ದ ಹಾಗೆ. ಆದರೂ ವರ್ಷಾ ವರ್ಷಾ ಅದನ್ನು ನಮ್ಮ ಎಲೆಗೆ ಬಡಿಸಿದ್ದೇವೆ ಅಂತ ಬರೆದುಕೊಳ್ತಾರೆ.

ಇಷ್ಟನ್ನೂ ಕಳೆದರೆ ತಿಂಗಳಿಗೆ 83,276. ಅದರಲ್ಲಿ ತಮ್ಮನ ಪಾಲಿನ ಪಿಎಫ್ 4,800, ವೃತ್ತಿ ತೆರಿಗೆ 200 ತೆಗೆದರೆ 78,276. ಆದಾಯ ತೆರಿಗೆ ಬಂದರೆ ಅದು ಬೇರೆ. ಚಿಕ್ಕಪ್ಪನ ಒಂದು ಲಕ್ಷಕ್ಕೂ ಇದಕ್ಕೂ ಇಪ್ಪತ್ತೊಂದು ಸಾವಿರದ ಚಿಲ್ಲರೆ ವ್ಯತ್ಯಾಸ. ಅವರು ಅಂದುಕೊಂಡಿದ್ದ ಕಂತಿನ ಅರ್ಧಕ್ಕಿಂತ ಜಾಸ್ತಿ ಆಯ್ತು.

ಚಿಕ್ಕಪ್ಪ ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರ್ ಆಗಿದ್ದವರು. ಅವರ ಸಂಬಳದ ಚೀಟಿಯಲ್ಲಿ ತುಟ್ಟಿಭತ್ಯೆ ಅಂತ ಒಂದು ಸಾಲು ಇರುತ್ತಿತ್ತು. ಚಿಕ್ಕವಳಿದ್ದಾಗ ನನಗದು ನಗುವ ಪದ. ಈಗ ಯೋಚಿಸಿದರೆ ಆ ಪದ ಹುಟ್ಟಿರೋದು ಸಂತೆಯಲ್ಲಿ: ಬೇಳೆ ತುಟ್ಟಿಯಾಗಿದೆ, ತಗೋ, ಇದನ್ನಿಟ್ಕೋ. ಮನೆ ಬಾಡಿಗೆ ಭತ್ಯೆ, ಗಳಿಕೆ ರಜೆ, ಇವೂ ಕೆಲಸ ಮಾಡುವವನು ನಿಂತ ಜಾಗದಿಂದ ನೋಡಿ ಇಟ್ಟ ಹೆಸರುಗಳು. ಹಾಗಂತ ಎಲ್ಲವನ್ನೂ ಕನ್ನಡಕ್ಕೆ ತಂದುಬಿಟ್ಟರೆ ಸರಿಹೋಗುತ್ತೆ ಅನ್ನೋ ಭ್ರಮೆ ನನಗಿಲ್ಲ. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಹತ್ತು-ಹದಿನೈದು ವರ್ಷ ಪಾಠ ಮಾಡಿದವರನ್ನು ನಾವು ಇವತ್ತಿಗೂ 'ಅತಿಥಿ ಉಪನ್ಯಾಸಕರು' ಅಂತೀವಿ. ಅತಿಥಿ! ಸೇವೆ ಕಾಯಂ ಮಾಡಿ ಅಂತ ಅವರು ಬೀದಿಗಿಳಿದರೆ, ನೆಂಟರು ಮನೆಯಲ್ಲಿ ಪಾಲು ಕೇಳಿದ ಹಾಗೆ ಕಾಣಿಸುತ್ತೆ. ಆಶಾ ಕಾರ್ಯಕರ್ತೆಯರಿಗೆ ಕೊಡೋದಕ್ಕೆ ಸಂಬಳ ಅನ್ನಲ್ಲ, ಗೌರವಧನ ಅಂತೀವಿ. ಸಂಬಳ ಅಂದರೆ ಅದು ಕಡಿಮೆಯಾಯ್ತು ಅಂತ ಜಗಳಕ್ಕೆ ಬರಬಹುದು, ಗೌರವ ಕಡಿಮೆಯಾಯ್ತು ಅಂತ ಹೇಗೆ ಬರೋದು? ಭಾಷೆ ಯಾವುದಾದರೂ ಆಗಲಿ, ಹೆಸರಿಡೋನು ಯಾವ ಕಡೆ ಕೂತಿದ್ದಾನೆ ಅಂತ ಮೊದಲು ನೋಡಬೇಕು.

ನಮ್ಮ ಐಟಿ ಕಡೆ ಇದು ಎದ್ದು ಕಾಣೋದು 'ಅಬ್‌ಸ್ಕಾಂಡಿಂಗ್' ಅನ್ನೋ ಪದದಲ್ಲಿ. ಹೇಳದೇ ಕೇಳದೇ ಕೆಲಸಕ್ಕೆ ಬರೋದು ನಿಲ್ಲಿಸಿದವನಿಗೆ ಎಚ್‌ಆರ್ ಕಳಿಸುವ ಪತ್ರದ ತಲೆಬರಹ ಅದು. ಕನ್ನಡ ಪೇಪರಿನಲ್ಲಿ ಇದಕ್ಕಿರುವ ಮಾತು 'ತಲೆಮರೆಸಿಕೊಂಡಿದ್ದಾನೆ', ಅದೂ ಕೊಲೆ, ಡಕಾಯಿತಿ ಆರೋಪಿಗಳ ಬಗ್ಗೆ. ನನಗೆ ಗೊತ್ತಿದ್ದ ಒಬ್ಬ ಹುಡುಗಿ ಅಪ್ಪ ಐಸಿಯುನಲ್ಲಿದ್ದಾಗ ಒಂಬತ್ತು ದಿನ ಮೇಲ್ ನೋಡಿರಲಿಲ್ಲ. ನೋಡಿದಾಗ ಅವಳು ಅಬ್‌ಸ್ಕಾಂಡಿಂಗ್ ಆಗಿದ್ದಳು. ನಿಯಮದ ಪ್ರಕಾರ ತಪ್ಪು ಅವಳದ್ದೇ, ಒಂದು ಮೆಸೇಜ್ ಹಾಕಬಹುದಿತ್ತು. ನಾನು ಕೇಳೋದು ಬೇರೆ. ನಾಲ್ಕು ರೌಂಡ್ ಇಂಟರ್ವ್ಯೂ ಮಾಡಿ, ಹಳೇ ಕಂಪನಿಯ ಮೂರು ತಿಂಗಳ ಪೇ ಸ್ಲಿಪ್ ತರಿಸಿಕೊಂಡು, "ನೆಕ್ಸ್ಟ್ ವೀಕ್ ಅಪ್‌ಡೇಟ್ ಮಾಡ್ತೀವಿ" ಅಂತ ಹೇಳಿ ಮಾಯವಾಗುವ ಕಂಪನಿಗೆ ಯಾವ ಹೆಸರಿದೆ? 'ಪೊಸಿಷನ್ ಆನ್ ಹೋಲ್ಡ್.' ಕುರ್ಚಿ ತಾನೇ ಎದ್ದು ಒಂದು ಪಕ್ಕಕ್ಕೆ ನಿಂತುಬಿಟ್ಟಿದೆ, ಅದಕ್ಕೆ ಯಾರೂ ಕಾರಣರಲ್ಲ ಅನ್ನೋ ಥರ.

ನೋಟಿಸ್ ಪೀರಿಯಡ್ ಬಗ್ಗೆ ಹೆಚ್ಚು ಬರೆಯಲ್ಲ, ಎಲ್ಲರೂ ಬೈದಾಗಿದೆ. ಬಿಟ್ಟು ಹೋಗೋರಿಗೆ ತೊಂಬತ್ತು ದಿನ ಕಾಯಿಸುವ ಕಂಪನಿಯೇ ಹೊಸಬರಿಗೆ 'ಇಮ್ಮೀಡಿಯೆಟ್ ಜಾಯಿನರ್ ಮಾತ್ರ' ಅಂತ ಹಾಕುತ್ತೆ, ಅಷ್ಟೇ. ಬೆಂಚ್ ಬಗ್ಗೆ ಮಾತ್ರ ಒಂದು ಮಾತು: ಪ್ರಾಜೆಕ್ಟ್ ಇಲ್ಲದವರಿಗೆ ಆ ಹೆಸರಿಟ್ಟವರಿಗೆ ನಮ್ಮ ಸರ್ಕಾರಿ ಶಾಲೆ ಗೊತ್ತಿರಲಿಕ್ಕಿಲ್ಲ. ಬೆಂಚ್ ಮೇಲೆ ನಿಲ್ಲಿಸಿಕೊಂಡವರಿಗೆ ಅದು ಬೇರೆಯೇ ಥರ ಕೇಳಿಸುತ್ತೆ.

ಇಷ್ಟೆಲ್ಲಾ ಹೇಳೋ ನಾನು ಎರಡು ವರ್ಷದಿಂದ ಮೇಜಿನ ಆ ಕಡೆ ಕೂತು ಇಂಟರ್ವ್ಯೂ ತಗೋತಿದ್ದೀನಿ. ಹೋದ ವರ್ಷ ಒಬ್ಬ ಹುಡುಗ ಬಂದಿದ್ದ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಅಂತ ಅವನ ಮಾತಿನಲ್ಲೇ ಗೊತ್ತಾಗುತ್ತಿತ್ತು. ಡೇಟಾಬೇಸ್ ಬಗ್ಗೆ ಕೊಟ್ಟ ಸಮಸ್ಯೆಯನ್ನು ನಾನು ಅಂದುಕೊಂಡಿದ್ದಕ್ಕಿಂತ ಚಿಕ್ಕ ದಾರಿಯಲ್ಲಿ ಬಿಡಿಸಿದ. ಹೇಗೆ ಬಿಡಿಸಿದೆ ಅಂತ ಇಂಗ್ಲಿಷಿನಲ್ಲಿ ಹೇಳುವಾಗ ತಡವರಿಸಿದ, ಎರಡು ಸಲ "ಸಾರಿ ಮೇಡಂ" ಅಂದ. ಫಾರ್ಮಿನಲ್ಲಿ 'ಕಮ್ಯುನಿಕೇಶನ್ ಸ್ಕಿಲ್ಸ್' ಅಂತ ಒಂದು ಡಬ್ಬಿ ಇತ್ತು, ಐದಕ್ಕೆ ಎರಡು ಕೊಟ್ಟೆ. ಮ್ಯಾನೇಜರ್ ಅದನ್ನು ನೋಡಿ 'ನಾಟ್ ಎ ಕಲ್ಚರ್ ಫಿಟ್' ಅಂತ ಹಾಕಿದರು. ಮುಗೀತು.

ಆ ಕೆಲಸಕ್ಕೆ ಕ್ಲೈಂಟ್ ಜೊತೆ ಮಾತಾಡೋದೇ ಇರಲಿಲ್ಲ. ಟೀಮಿನ ಎಂಟು ಜನರಲ್ಲಿ ಐವರು ಕನ್ನಡದವರು, ಕಾಫಿಗೆ ಹೋದರೆ ನಮ್ಮ ಕಮ್ಯುನಿಕೇಶನ್ ಎಲ್ಲಾ ಕನ್ನಡದಲ್ಲೇ. ಆ ಡಬ್ಬಿಯ ಮೇಲೆ 'ಇಂಗ್ಲಿಷ್' ಅಂತ ನೇರವಾಗಿ ಬರೆದಿದ್ದರೆ ನಾನು ಒಂದು ನಿಮಿಷ ಯೋಚಿಸುತ್ತಿದ್ದೆ: ಈ ಕೆಲಸಕ್ಕೆ ಇಂಗ್ಲಿಷ್ ಎಷ್ಟು ಬೇಕು? 'ಕಮ್ಯುನಿಕೇಶನ್' ಅಂತ ಇದ್ದಿದ್ದರಿಂದ ಆ ಪ್ರಶ್ನೆಯೇ ಏಳಲಿಲ್ಲ. ಅವನ ಭಾಷೆಯ ತೊಡಕು ಅವನ ವ್ಯಕ್ತಿತ್ವದ ಕೊರತೆಯಾಗಿ ಕಾಗದಕ್ಕಿಳಿಯಿತು, ಇಳಿಸಿದವಳು ನಾನೇ. 'ಕಲ್ಚರ್' ಅಂದರೆ ಏನು ಅಂತ ಆ ಕೋಣೆಯಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ದರೆ, ನಮ್ಮ ಥರ ಮಾತಾಡೋದು ಅಂತ ಯಾರಾದರೂ ಬಾಯಿಬಿಟ್ಟು ಹೇಳಬೇಕಾಗುತ್ತಿತ್ತು, ಹೇಳೋಕೆ ನಾಚಿಕೆಯೂ ಆಗುತ್ತಿತ್ತು. ಈ ಪದಗಳಿಂದ ಕಂಪನಿಗೆ ಆಗೋ ದೊಡ್ಡ ಉಪಕಾರ ಇದೇ ಅಂತ ನನಗೆ ಅನ್ನಿಸುತ್ತೆ. ಹೇಳಬೇಕಾದ ವಾಕ್ಯ ಹೇಳದೆಯೇ ಕೆಲಸ ಮುಗಿಯುತ್ತೆ.

ಅದಾದ ಮೇಲೆ ಆ ಡಬ್ಬಿಯಲ್ಲಿ ಅಂಕ ಕೊಡೋದು ಬಿಟ್ಟು ಪೂರ್ತಿ ವಾಕ್ಯ ಬರೀತೀನಿ: "ಇಂಗ್ಲಿಷ್ ನಿಧಾನ, ಕೆಲಸ ಚುರುಕು." ರಿಕ್ರೂಟರ್ ಒಬ್ಬರು ಎರಡು ಸಲ ವಾಪಸ್ ಕಳಿಸಿದರು, ಸಿಸ್ಟಮ್ ನಂಬರ್ ಮಾತ್ರ ತಗೊಳ್ಳುತ್ತಂತೆ. ಆ ಹುಡುಗನಿಗೆ ಈಗ ಎಲ್ಲೋ ಕೆಲಸ ಸಿಕ್ಕಿರಬೇಕು. ಹುಡುಕಿ ನೋಡೋ ಧೈರ್ಯ ಮಾಡಿಲ್ಲ.

ತಮ್ಮನ ವಿಷಯಕ್ಕೆ ಬರ್ತೀನಿ. ಸಹಿ ಹಾಕೋ ಮೊದಲು ಎಚ್‌ಆರ್‌ಗೆ ಮೂರು ಪ್ರಶ್ನೆ ಕಳಿಸು ಅಂದೆ. ಪ್ರತಿ ತಿಂಗಳು ಖಾತೆಗೆ ಜಮಾ ಆಗೋದು ಎಷ್ಟು? ಕಳೆದ ಎರಡು ವರ್ಷ ವೇರಿಯಬಲ್‌ನಲ್ಲಿ ಶೇಕಡಾ ಎಷ್ಟು ಕೊಟ್ಟಿದ್ದೀರಿ? ನೀವೇ ನನ್ನನ್ನು ಬಿಡಿಸಿದರೆ ನನಗೆ ಎಷ್ಟು ದಿನದ ನೋಟಿಸ್? ಕೇಳಿದ್ರೆ ಆಫರ್ ವಾಪಸ್ ತಗೊಂಡ್ಬಿಟ್ರೆ ಅಕ್ಕಾ ಅಂತ ಹೆದರಿದ. ಆ ಹೆದರಿಕೆ ಸುಳ್ಳು ಅಂತ ಹೇಳೋಕೆ ನನ್ನಿಂದ ಆಗಲಿಲ್ಲ. ಕೊನೆಗೆ ಕಳಿಸಿದ. ಮೊದಲನೆಯದಕ್ಕೆ ಉತ್ತರ ಬಂತು, ನನ್ನ ಲೆಕ್ಕಕ್ಕಿಂತ ಆರುನೂರು ಕಡಿಮೆ, ಇನ್ಶೂರೆನ್ಸ್ ಅಂತೆ. ಎರಡನೆಯದು ಕಾನ್ಫಿಡೆನ್ಷಿಯಲ್. ಮೂರನೆಯದಕ್ಕೆ, ಹದಿನಾಲ್ಕು ಪುಟದ ಪಾಲಿಸಿ ಫೈಲ್ ಲಗತ್ತಿಸಿದ್ದಾರೆ, ಓದಿಕೊಳ್ಳಿ ಅಂತ.

ಚಿಕ್ಕಪ್ಪ ಕಂತನ್ನು ಇಪ್ಪತ್ತೆರಡು ಸಾವಿರಕ್ಕೆ ಇಳಿಸಿಕೊಂಡಿದ್ದಾರೆ. ಛತ್ರ ಬದಲಾಗಿದೆ, ಮದುವೆ ದಿನ ಅದೇ.