ಪರೀಕ್ಷಾರ್ಥ ಪರಿವರ್ತಿತ ವಿಮಾನಗಳು: ಒಂದು ವಿಮರ್ಶೆ

ಹೊಸ ಎಂಜಿನನ್ನಾಗಲಿ ರೇಡಾರನ್ನಾಗಲಿ ಆಕಾಶದಲ್ಲಿ ಪರೀಕ್ಷಿಸಬೇಕಾದಾಗ, ಹಾರಾಟದಲ್ಲಿ ಚೆನ್ನಾಗಿ ಪಳಗಿದ ವಿಮಾನವೊಂದನ್ನು ಆರಿಸಿ, ಅದರ ಒಡಲನ್ನು ಮಾರ್ಪಡಿಸಿ, ಪರೀಕ್ಷಿಸಬೇಕಾದ ವಸ್ತುವನ್ನು ಅದಕ್ಕೆ ಅಳವಡಿಸುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಇಂತಹ ವಿಮಾನವನ್ನು ‘ಹಾರುವ ಪ್ರಯೋಗಶಾಲೆ’ ಎಂದು ಕರೆಯುವುದುಂಟು. ಹೆಸರು ಸೊಗಸಾಗಿದೆ, ಆದರೆ ಒರೆಗೆ ಹಚ್ಚಿ ನೋಡಿದಲ್ಲಿ ಅದು ನಮ್ಮನ್ನು ದಾರಿ ತಪ್ಪಿಸುವಂತಹುದು. ಪ್ರಯೋಗಶಾಲೆಯ ಗೋಡೆಯೂ ಮೇಜೂ ಪ್ರಯೋಗದ ವಸ್ತುವಿನಿಂದ ಬದಲಾಗುವುದಿಲ್ಲ. ಇಲ್ಲಿಯಾದರೋ ವಸ್ತುವನ್ನು ಹೊತ್ತ ಕ್ಷಣದಿಂದಲೇ ವಾಹನದ ಸ್ವಭಾವವೂ ಬೇರೆಯಾಗುತ್ತದೆ. ಆದಕಾರಣ ಪರಿವರ್ತಿತ ವಿಮಾನವು ಹಳೆಯ ವಿಮಾನವಲ್ಲ. ತಾನೇ ಪರೀಕ್ಷೆಗೊಳಗಾಗಬೇಕಾದ ಹೊಸ ಕೃತಿ. ಈ ಅಳತೆಗೋಲನ್ನು ಹಿಡಿದು ಬೆಂಗಳೂರಿಗೆ ಸಂಬಂಧಿಸಿದ ಕೆಲವು ಪ್ರಯತ್ನಗಳ ಬೆಲೆ ಕಟ್ಟುವುದೇ ಪ್ರಸ್ತುತ ಲೇಖನದ ಉದ್ದೇಶ.

ಪರಿವರ್ತನೆಯೆಂದರೆ ಯಾವುದೋ ಒಂದು ಭಾಗದ ಜೋಡಣೆಯಲ್ಲ. ಮೊದಲನೆಯದಾಗಿ ಭಾರದ ಪ್ರಶ್ನೆ. ಹುಣಸೂರು ಸೀಮೆಯ ವೀರನಹೊಸಹಳ್ಳಿಯಂತಹ ಊರಿನಲ್ಲಿ ಗಾಡಿ ಹೇರುವ ರೈತನಿಗೆ, ಹೇರು ಹಿಂದಕ್ಕೆ ಜಗ್ಗಿದರೆ ಮೂಕಿ ಮೇಲೇಳುವುದೆಂದೂ ಮುಂದಕ್ಕೆ ಜಗ್ಗಿದರೆ ಎತ್ತಿನ ಹೆಗಲು ಸೋಲುವುದೆಂದೂ ಹೇಳಿಕೊಡಬೇಕಾಗಿಲ್ಲ. ವಿಮಾನದ ಗುರುತ್ವ ಕೇಂದ್ರದ ಮಾತೂ ಮೂಲತಃ ಇದೇ. ಗಾಡಿಯಾದರೆ ನಿಲ್ಲಿಸಿ ಹೇರನ್ನು ಸರಿಪಡಿಸಬಹುದು, ಆಕಾಶದಲ್ಲಿ ಆ ಅವಕಾಶವಿಲ್ಲವೆಂಬುದಷ್ಟೇ ವ್ಯತ್ಯಾಸ. ಎರಡನೆಯದು ಗಾಳಿ: ಹೊರಮೈಗೆ ಸೇರಿಸಿದ ಉಬ್ಬು ತನ್ನ ಹಿಂದೆ ಕದಡಿದ ಗಾಳಿಯನ್ನು ಬಿಟ್ಟು, ಬಾಲದ ಮೇಲೆ ಹೊಸ ಬಲಗಳನ್ನೂ ಕಂಪನಗಳನ್ನೂ ಉಂಟುಮಾಡಬಲ್ಲುದು. ಮೂರನೆಯದು ವಿದ್ಯುತ್ತು ಮತ್ತು ಶಾಖ: ಉಪಕರಣಗಳಿಗೆ ವಿದ್ಯುತ್ತನ್ನು ಒದಗಿಸಬೇಕು, ಅವುಗಳ ಬಿಸಿಯನ್ನು ಹೊರಹಾಕಬೇಕು, ಒಂದರ ತರಂಗಗಳು ಇನ್ನೊಂದನ್ನು ಕೆಡಿಸದಂತೆ ಕಾಯಬೇಕು. ಇವೆಲ್ಲವನ್ನೂ ಅಳೆಯಲು ರೆಕ್ಕೆಯಲ್ಲಿಯೂ ಒಡಲಿನಲ್ಲಿಯೂ ಮಾಪಕಗಳನ್ನು ಹುದುಗಿಸಿ, ನೆಲದ ಮೇಲಿನ ಪರೀಕ್ಷೆಗಳನ್ನು ಮುಗಿಸಿ, ಬಳಿಕ ವೇಗವನ್ನೂ ಎತ್ತರವನ್ನೂ ಹಂತಹಂತವಾಗಿ ಹೆಚ್ಚಿಸಬೇಕಾಗುತ್ತದೆ.

ಕುರ್ಟ್ ಟ್ಯಾಂಕರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡು 1961ರಲ್ಲಿ ಮೊದಲು ಹಾರಿದ ಎಚ್.ಎಫ್.-24 ಮಾರುತ್ ವಿಮಾನದ ಚರಿತ್ರೆಯಲ್ಲಿ ಇದಕ್ಕೆ ಎರಡು ನಿದರ್ಶನಗಳಿವೆ. ಅದರ ಎರಡು ಆರ್ಫಿಯಸ್ ಎಂಜಿನುಗಳಲ್ಲಿ ಒಂದನ್ನು ತೆಗೆದು, ಈಜಿಪ್ಟಿನ ಇ-300 ಎಂಜಿನನ್ನು ಅಳವಡಿಸಿ 1967ರಲ್ಲಿ ಹಾರಿಸಲಾಯಿತು. ನಂಬಿಕೆಯ ಎಂಜಿನೊಂದನ್ನು ಉಳಿಸಿಕೊಂಡು ಅಪರಿಚಿತ ಎಂಜಿನಿನ ಗುಣವನ್ನು ಕೇಳಿದ ಈ ಪ್ರಯೋಗದಲ್ಲಿ ಪ್ರಶ್ನೆ ಒಂದೇ ಆಗಿತ್ತು, ವಿವೇಕವಿತ್ತು. ಇನ್ನೊಂದು, ಎಂಜಿನಿನಿಂದ ಹೊರಬೀಳುವ ಅನಿಲದಲ್ಲಿ ಮತ್ತೆ ಇಂಧನವನ್ನುರಿಸಿ ನೂಕುಬಲವನ್ನು ಹೆಚ್ಚಿಸುವ ಯತ್ನ. ಅದಕ್ಕಾಗಿ ಹಿಂಬದಿಯ ಒಡಲನ್ನು ಮಾರ್ಪಡಿಸಿದಾಗ ಗಾಳಿಯ ಎಳೆತವೂ ಹೆಚ್ಚಿ, ಗಳಿಸಿದ ಬಲದ ಪ್ರಯೋಜನ ಕುಗ್ಗಿತು. ಒಂದನ್ನು ಮಾತ್ರ ಬದಲಿಸುತ್ತೇವೆಂಬುದು ವಿಮಾನಶಾಸ್ತ್ರದಲ್ಲಿ ಭ್ರಮೆಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. ಈ ಮಾದರಿಯ ವಿಮಾನವನ್ನು ಹಾರಿಸುತ್ತ ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಅವರು 1970ರ ಜನವರಿ 10ರಂದು ಬೆಂಗಳೂರಿನಲ್ಲಿ ಪ್ರಾಣ ತೆತ್ತರು. ನಗರದ ರಸ್ತೆಯೊಂದು ಇಂದಿಗೂ ಅವರ ಹೆಸರನ್ನು ಹೊತ್ತಿದೆ.

ಇದಕ್ಕಿಂತ ಕಠಿನವಾದ ಪಾಠ ಆವ್ರೊ ವಿಮಾನದ್ದು. ಆಕಾಶದಿಂದ ಕಾವಲು ನಡೆಸುವ ರೇಡಾರಿಗಾಗಿ, ಪ್ರಯಾಣಿಕರನ್ನೂ ಸರಕನ್ನೂ ಸಾಗಿಸಲೆಂದು ನಿರ್ಮಿತವಾದ ಎಚ್.ಎಸ್.-748 ವಿಮಾನದ ಬೆನ್ನ ಮೇಲೆ ತಿರುಗುವ ದೊಡ್ಡ ತಟ್ಟೆಯೊಂದನ್ನು ನಿಲ್ಲಿಸಿ 1990ರಲ್ಲಿ ಹಾರಿಸಲಾಯಿತು. 1991ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ವಾಯುವಾಹಿತ ವ್ಯವಸ್ಥೆಗಳ ಕೇಂದ್ರವು ಈ ಕಾರ್ಯವನ್ನು ಮುಂದುವರಿಸಿತು. 1999ರ ಜನವರಿ 11ರಂದು ಅರಕ್ಕೋಣಂ ಬಳಿ ವಿಮಾನ ಇಳಿಯಲು ಬರುತ್ತಿದ್ದಾಗ ತಟ್ಟೆ ಬೇರ್ಪಟ್ಟು, ವಿಮಾನ ನೆಲಕ್ಕಪ್ಪಳಿಸಿ, ವಿಜ್ಞಾನಿಗಳೂ ವಾಯುಪಡೆಯವರೂ ಸೇರಿ 8 ಮಂದಿ ಮಡಿದರು. ಅವರ ಧೈರ್ಯವಾಗಲಿ ವಿದ್ವತ್ತಾಗಲಿ ಇಲ್ಲಿ ವಿಮರ್ಶೆಯ ವಿಷಯವಲ್ಲ. ವಿಮರ್ಶೆಗೆ ಒಳಪಡಬೇಕಾದುದು ‘ವಾಹನ ಕೇವಲ ವಾಹನ’ವೆಂಬ ಭಾವನೆ. ರೇಡಾರು ಏನನ್ನು ಕಂಡಿತೆಂಬುದು ಎಂತಹ ಪ್ರಶ್ನೆಯೋ, ತಟ್ಟೆಯನ್ನು ಹೊತ್ತ ಒಡಲು ವರ್ಷಾನುಗಟ್ಟಲೆ ಏನನ್ನು ಸಹಿಸಿತೆಂಬುದೂ ಅಷ್ಟೇ ತೂಕದ ಪ್ರಶ್ನೆ. ಎರಡನ್ನೂ ಒಂದೇ ವಿಮಾನಕ್ಕೆ ಒಮ್ಮೆಗೇ ಕೇಳುವುದು ಎಷ್ಟು ದುಬಾರಿಯಾಗಬಲ್ಲುದೆಂಬುದನ್ನು ಈ ದುರಂತ ತಿಳಿಸಿತು.

ಕಾವೇರಿ ಎಂಜಿನಿನ ಕಥೆಯ ಕೊರತೆ ಬೇರೆ ಬಗೆಯದು. 1989ರಲ್ಲಿ ಮಂಜೂರಾಗಿ ಬೆಂಗಳೂರಿನಲ್ಲಿ ರೂಪುಗೊಂಡ ಈ ಎಂಜಿನು ಆಕಾಶವನ್ನು ಕಂಡದ್ದು 2010ರ ನವೆಂಬರ್ 3ರಂದು. ಅದೂ ಮಾಸ್ಕೋ ಬಳಿಯ ಗ್ರೋಮೊವ್ ಸಂಸ್ಥೆಯಲ್ಲಿ, ನಾಲ್ಕು ಎಂಜಿನುಗಳ ಇಲ್ಯುಷಿನ್-76 ವಿಮಾನದ ಒಂದು ಸ್ಥಾನದಲ್ಲಿ. ಹೊಸ ಎಂಜಿನು ಕೈಕೊಟ್ಟರೂ ಉಳಿದ ಮೂರು ವಿಮಾನವನ್ನು ಹೊರಬಲ್ಲವಾದ್ದರಿಂದ ಆಯ್ಕೆ ಸಮರ್ಪಕವೇ. ಆದರೆ ಇದೇ ಜಾತಿಯ ವಿಮಾನಗಳು 1985ರಿಂದಲೇ ನಮ್ಮ ವಾಯುಪಡೆಯಲ್ಲಿದ್ದವೆಂಬುದನ್ನು ನೆನೆಯಬೇಕು. ಕೊರತೆಯಿದ್ದುದು ವಿಮಾನಕ್ಕಲ್ಲ, ಪರೀಕ್ಷೆಗೆಂದೇ ಪರಿವರ್ತಿಸಿ ಸಿದ್ಧವಾಗಿಟ್ಟುಕೊಂಡ ವಿಮಾನಕ್ಕೆ. 1967ರಲ್ಲಿ ಪರರ ಎಂಜಿನಿಗೆ ಬೆಂಗಳೂರಿನ ವಿಮಾನ ಆಸರೆಯಾಗಿತ್ತು. 2010ರಲ್ಲಿ ಬೆಂಗಳೂರಿನ ಎಂಜಿನು ಪರರ ವಿಮಾನದ ಆಸರೆಯನ್ನು ಅರಸಿತು. ನಡುವಣ ನಾಲ್ಕು ದಶಕಗಳಲ್ಲಿ ಈ ವಿದ್ಯೆ ಒಂದು ಪರಂಪರೆಯಾಗಿ ಬೆಳೆಯಲಿಲ್ಲವೆಂಬುದೇ ಇದರ ಅರ್ಥ.

ನೇತ್ರ ವಿಮಾನದಲ್ಲಿ ಮಾತ್ರ ಪ್ರಶ್ನೆಗಳನ್ನು ಬಿಡಿಸಿ ಕೇಳಿದ ಕ್ರಮ ಕಾಣುತ್ತದೆ. ಬ್ರೆಜಿಲಿನ ಎಂಬ್ರೇಯರ್-145 ವಿಮಾನವನ್ನು ತಯಾರಕರೇ ಪರಿವರ್ತಿಸಿ, ಬೆನ್ನ ಮೇಲಿನ ಆಂಟೆನಾ ಸಹಿತವಾಗಿ 2011ರ ಡಿಸೆಂಬರಿನಲ್ಲಿ ಅಲ್ಲಿಯೇ ಹಾರಿಸಿದರು. 2012ರಲ್ಲಿ ಅದು ಬೆಂಗಳೂರಿಗೆ ಬಂದ ಮೇಲೆ ಒಳಗಿನ ವ್ಯವಸ್ಥೆಗಳ ಜೋಡಣೆಯೂ ಪರೀಕ್ಷೆಯೂ ನಡೆದು, 2017ರ ಫೆಬ್ರವರಿಯಲ್ಲಿ ವಾಯುಪಡೆಗೆ ಸಂದಿತು. ಮೊದಲು ಒಡಲು, ಬಳಿಕ ಉಪಕರಣ ಎಂಬ ಈ ಕ್ರಮ ಮೆಚ್ಚತಕ್ಕದ್ದು. ಆದರೆ ಒಡಲಿನ ಪರಿವರ್ತನೆ ಹೊರದೇಶದಲ್ಲಿ ನಡೆಯಿತೆಂಬುದರಿಂದ ಮೇಲಣ ಆಕ್ಷೇಪ ಪೂರ್ತಿಯಾಗಿ ನಿವಾರಣೆಯಾಗಲಿಲ್ಲ.

ಇಷ್ಟರಿಂದ ಹೊರಡುವ ನಿರ್ಣಯ ಸ್ಪಷ್ಟವಾಗಿದೆ. ಪರೀಕ್ಷಾ ವಿಮಾನವನ್ನು ಕೈಗೆ ಸಿಕ್ಕಿತೆಂದು ಆರಿಸದೆ, ಪ್ರಶ್ನೆಗೆ ತಕ್ಕುದೆಂದು ಆರಿಸಬೇಕು. ವಾಹನದ ಪರೀಕ್ಷೆಯನ್ನೂ ವಸ್ತುವಿನ ಪರೀಕ್ಷೆಯನ್ನೂ ಬೇರೆಬೇರೆಯಾಗಿ ಲೆಕ್ಕವಿಡಬೇಕು. ಒಂದು ಯೋಜನೆ ನಿಂತಾಗ ಅದರ ದಾಖಲೆಗಳೂ ಕುಶಲರೂ ಚದುರದಂತೆ ಮುಂದಿನ ಯೋಜನೆಗೆ ಒದಗಿಸಬೇಕು. ನಮ್ಮ ಬರೆವಣಿಗೆಗೂ ಇಲ್ಲಿ ಹೊಣೆಯಿದೆ. ಹೊಸ ವಿಮಾನದ ಪ್ರಥಮ ಹಾರಾಟವನ್ನು ಕೊಂಡಾಡುವಷ್ಟೇ ಶ್ರದ್ಧೆಯಿಂದ, ಅದಕ್ಕೆ ದಾರಿ ಮಾಡಿಕೊಟ್ಟು ತೆರೆಯ ಹಿಂದೆ ಉಳಿದ ಪರಿವರ್ತಿತ ವಿಮಾನಗಳ ಗುಣದೋಷಗಳನ್ನೂ ಕನ್ನಡದಲ್ಲಿ ದಾಖಲಿಸುವುದು ಅಗತ್ಯ. ಮಡಿದವರಿಗೆ ಸಲ್ಲಬೇಕಾದ ಗೌರವದಲ್ಲಿ ಅವರ ಹಾರಾಟ ಕಲಿಸಿದ ಪಾಠವನ್ನು ಉಳಿಸಿಕೊಳ್ಳುವುದೂ ಸೇರಿದೆ.